ಕನ್ನಡ ನಾಡಿನ ಹೆಸರು ಹೊತ್ತ ದನಿ: ಅಮೀರ್‌ಬಾಯಿ ಕರ್ನಾಟಕಿ

ನಮ್ಮ ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆದರೆ ಅದಕ್ಕೂ ದಶಕಗಳ ಹಿಂದೆಯೇ ಈ ಹೆಸರನ್ನು ತನ್ನ ಹೆಸರಿನೊಂದಿಗೆ ಸೇರಿಸಿಕೊಂಡು ಭಾರತದಾದ್ಯಂತ ಪರಿಚಯಿಸಿದ ಮುಸ್ಲಿಂ ಮಹಿಳೆಯೊಬ್ಬರಿದ್ದರು. ಅವರೇ ‘ಕನ್ನಡ ಕೋಗಿಲೆ’ ಎಂದು ಹೆಸರಾದ ಗಾಯಕಿ, ನಟಿ ಅಮೀರ್‌ಬಾಯಿ ಕರ್ನಾಟಕಿ.

ಅಮೀರ್‌ಬಾಯಿ ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ. ಈಗ ಬೀಳಗಿ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಅವರ ಅಕ್ಕ ಗೋಹರ್‌ಬಾಯಿ ಕೂಡ ಗಾಯಕಿ. ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಅಭಿನಯಿಸಿದವರು. ಹೆಣ್ಣುಮಕ್ಕಳು ಹಾಡುವುದನ್ನಾಗಲಿ, ರಂಗದ ಮೇಲೆ ನಿಲ್ಲುವುದನ್ನಾಗಲಿ ಸಮಾಜ ಗೌರವದಿಂದ ಕಾಣದ ಕಾಲವದು. ಅಂತಹ ಕಾಲದಲ್ಲಿ ಅಮೀರ್‌ಬಾಯಿ ಮುಂಬಯಿ ಸೇರಿದರು. ಅವರು ಹಾಡಿದ ಕವ್ವಾಲಿಯೊಂದು ಗ್ರಾಮಫೋನ್ ಕಂಪನಿಯವರ ಗಮನ ಸೆಳೆಯಿತು. 1934ರಲ್ಲಿ ‘ವಿಷ್ಣುಭಕ್ತಿ’ ಚಿತ್ರದ ಮೂಲಕ ಬೆಳ್ಳಿತೆರೆಗೂ ಬಂದರು.

ಆಗಿನ ಧ್ವನಿಮುದ್ರಣವೆಂದರೆ ಇಂದಿನಂತೆ ಸುಲಭವಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ನಡುವೆ ಒಂದು ಸ್ವರ ತಪ್ಪಿದರೆ ತಿದ್ದಲು ಬರುತ್ತಿರಲಿಲ್ಲ. ಇಡೀ ಹಾಡನ್ನು ಮತ್ತೆ ಹಾಡಬೇಕಿತ್ತು. ಆ ಕಟ್ಟುನಿಟ್ಟಿನಲ್ಲೇ ಅಮೀರ್‌ಬಾಯಿ ಹಿಂದಿ, ಕನ್ನಡ, ಗುಜರಾತಿ ಮುಂತಾದ ಭಾಷೆಗಳಲ್ಲಿ ಹಾಡಿದರು. 1940ರ ‘ನರಸಿ ಭಗತ್’ ಚಿತ್ರದಲ್ಲಿ, ಗಾಂಧೀಜಿಯವರಿಗೆ ಪ್ರಿಯವಾದ ನರಸಿ ಮೆಹ್ತಾರ ‘ವೈಷ್ಣವ ಜನತೋ’ ಭಜನೆಗೆ ದನಿಯಾದವರಲ್ಲಿ ಬೀಳಗಿಯ ಈ ಮುಸ್ಲಿಂ ಹೆಣ್ಣುಮಗಳೂ ಒಬ್ಬರು.

ಅವರನ್ನು ಮನೆಮಾತಾಗಿಸಿದ್ದು 1943ರ ‘ಕಿಸ್ಮತ್’. ಬಾಂಬೆ ಟಾಕೀಸ್‌ನ ಈ ಚಿತ್ರಕ್ಕೆ ಸಂಗೀತ ನೀಡಿದವರು ಅನಿಲ್ ಬಿಸ್ವಾಸ್. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರ ಒಂದರಲ್ಲೇ ಅದು ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಕ್ವಿಟ್ ಇಂಡಿಯಾ ಚಳವಳಿಯ ಬಿಸಿ ಆರದ ಆ ದಿನಗಳಲ್ಲಿ, ಪರಕೀಯರು ತೊಲಗಲಿ ಎಂಬ ಆಶಯದ ಹಾಡನ್ನು ಖಾನ್ ಮಸ್ತಾನರ ಜೊತೆ ಹಾಡಿದವರು ಅಮೀರ್‌ಬಾಯಿ. ಮರುವರ್ಷ ನೌಷಾದರ ಸಂಗೀತದ ‘ರತನ್’ ಚಿತ್ರದಲ್ಲೂ ಅವರ ಹಾಡು ಜನಪ್ರಿಯವಾಯಿತು. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶನ ಮಾಡಿದರು. ಮಹಿಳೆಯರು ಆ ಸ್ಥಾನದಲ್ಲಿ ಕೂರುವುದು ಅಂದು ಬಹಳ ಅಪರೂಪ.

ಕೀರ್ತಿಯ ನಡುವೆಯೂ ಅವರ ಬದುಕು ಹೂವಿನ ಹಾಸಿಗೆಯಾಗಿರಲಿಲ್ಲ. ನಟನೊಬ್ಬನೊಂದಿಗಿನ ಮೊದಲ ಮದುವೆ ಹಿಂಸೆಯಲ್ಲಿ ಕೊನೆಗೊಂಡಿತು. ಅದನ್ನು ಸಹಿಸಿಕೊಂಡು ಕೂರದೆ ಅವರು ಬಿಡುಗಡೆ ಪಡೆದರು. ಮುಂದೆ ಪತ್ರಿಕಾ ಸಂಪಾದಕ ಬದರಿ ಕಾಂಚ್‌ವಾಲಾ ಅವರನ್ನು ವಿವಾಹವಾದರು. ತವರನ್ನೂ ಮರೆಯಲಿಲ್ಲ. ವಿಜಾಪುರದಲ್ಲಿ ಅವರು ಕಟ್ಟಿಸಿದ ‘ಅಮೀರ್ ಟಾಕೀಸ್’ ಇದಕ್ಕೆ ಸಾಕ್ಷಿ.

1940ರ ದಶಕದ ಕೊನೆಗೆ ಲತಾ ಮಂಗೇಶ್ಕರ್ ಅವರ ಎಳೆಯ, ತೆಳು ದನಿ ಹಿಂದಿ ಚಿತ್ರಗೀತೆಯ ಮಾದರಿಯಾಯಿತು. ತುಂಬು ಕಂಠದ ಅಮೀರ್‌ಬಾಯಿ, ಜೊಹ್ರಾಬಾಯಿಯಂಥವರಿಗೆ ಅವಕಾಶಗಳು ಕಡಿಮೆಯಾದವು. ಅಮೀರ್‌ಬಾಯಿ ಎದೆಗುಂದದೆ ಸಣ್ಣಪುಟ್ಟ ಪಾತ್ರಗಳಲ್ಲಿ ಅಭಿನಯ ಮುಂದುವರಿಸಿದರು. ಪಾರ್ಶ್ವವಾಯುವಿಗೆ ತುತ್ತಾಗಿ 1965ರ ಮಾರ್ಚ್ 3ರಂದು ನಿಧನರಾದರು. ಅವರು ಹೊತ್ತು ತಿರುಗಿದ ಹೆಸರು ನಾಡಿಗೆ ದಕ್ಕಲು ಇನ್ನೂ ಎಂಟು ವರ್ಷ ಬಾಕಿಯಿತ್ತು.

ಬಹುಕಾಲ ಕನ್ನಡಿಗರು ಮರೆತಿದ್ದ ಈ ಗಾಯಕಿಯ ಜೀವನವನ್ನು ವಿದ್ವಾಂಸ ರಹಮತ್ ತರೀಕೆರೆ ಅವರು ಹುಡುಕಿ ಪುಸ್ತಕವಾಗಿಸಿದ್ದಾರೆ. ವಿದ್ಯಾರ್ಥಿಗಳು, ವಿಶೇಷವಾಗಿ ನಾಯಕನಹಟ್ಟಿ, ಚಳ್ಳಕೆರೆ, ಮೊಳಕಾಲ್ಮೂರಿನಂತಹ ಊರುಗಳ ಹೆಣ್ಣುಮಕ್ಕಳು ಇದನ್ನು ಓದಬೇಕು. ಊರು ಚಿಕ್ಕದೆಂಬುದು ಪ್ರತಿಭೆಗೆ ಅಡ್ಡಿಯಲ್ಲ. ದೂರ ಹೋದವರು ಊರನ್ನು, ಭಾಷೆಯನ್ನು ಬಿಟ್ಟುಕೊಡಬೇಕಾಗಿಯೂ ಇಲ್ಲ. ಅಮೀರ್‌ಬಾಯಿ ಅದನ್ನು ಬದುಕಿ ತೋರಿಸಿದರು.