ಬೆಟಗೇರಿ ಕೃಷ್ಣಶರ್ಮ

ಬೆಟಗೇರಿ ಕೃಷ್ಣಶರ್ಮ (ಏಪ್ರಿಲ್ ೧೬, ೧೯೦೦ – ಅಕ್ಟೋಬರ್ ೩೦, ೧೯೮೨) ಕನ್ನಡದ ಕವಿ, ಕಥೆಗಾರ, ಕಾದಂಬರಿಕಾರ, ಪತ್ರಿಕಾ ಸಂಪಾದಕ ಹಾಗೂ ಜಾನಪದ ವಿದ್ವಾಂಸರು. ಇವರ ಕಾವ್ಯನಾಮ ‘ಆನಂದಕಂದ’. ಉತ್ತರ ಕರ್ನಾಟಕದ ಹಳ್ಳಿಗಳ ಆಡುಮಾತಿಗೆ ಆಧುನಿಕ ಸಾಹಿತ್ಯದಲ್ಲಿ ಗೌರವದ ಸ್ಥಾನ ದೊರಕಿಸಿಕೊಟ್ಟವರಲ್ಲಿ ಪ್ರಮುಖರು.

ಜನನ ಮತ್ತು ಹಿನ್ನೆಲೆ

ಕೃಷ್ಣಶರ್ಮರು ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ ಜನಿಸಿದರು. ಗದಗಿಗೆ ಹೊಂದಿಕೊಂಡಿರುವ ಬೆಟಗೇರಿ ಬೇರೆ ಊರು. ಉತ್ತರ ಕರ್ನಾಟಕದಲ್ಲಿ ರೂಢಿಯಲ್ಲಿರುವಂತೆ ಊರಿನ ಹೆಸರೇ ಇವರ ಮನೆತನದ ಹೆಸರಾಗಿ ಉಳಿಯಿತು. ಆಗ ಈ ಪ್ರದೇಶವು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಗೋಕಾಕ, ಹುಕ್ಕೇರಿ, ಮೂಡಲಗಿ ಸುತ್ತಿನ ಹಳ್ಳಿಗರ ಮನೆಮಾತು ಕನ್ನಡವಾಗಿದ್ದರೂ ಜಿಲ್ಲೆಯ ಸಾರ್ವಜನಿಕ ವ್ಯವಹಾರದಲ್ಲಿ ಮರಾಠಿಯ ಪ್ರಭಾವ ಪ್ರಬಲವಾಗಿತ್ತು. ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಆ ಕಾಲದಲ್ಲಿ ತಾಯ್ನುಡಿಯಲ್ಲಿ ಬರೆಯುವುದು ನಾಡಿನ ಅಸ್ತಿತ್ವವನ್ನು ಸಾರುವ ಕೆಲಸವೂ ಆಗಿತ್ತು.

ಪತ್ರಿಕಾರಂಗ

ಧಾರವಾಡದಲ್ಲಿ ದ. ರಾ. ಬೇಂದ್ರೆಯವರ ಸುತ್ತ ರೂಪುಗೊಂಡ ‘ಗೆಳೆಯರ ಗುಂಪಿ’ನಲ್ಲಿ ಇವರೂ ಒಬ್ಬರಾಗಿದ್ದರು. ಆಲೂರ ವೆಂಕಟರಾಯರು ಸ್ಥಾಪಿಸಿದ ‘ಜಯಕರ್ನಾಟಕ’ದ ಸಂಪಾದಕತ್ವದಲ್ಲಿ ದುಡಿದರು. ೧೯೩೮ರಲ್ಲಿ ‘ಜಯಂತಿ’ ಎಂಬ ತಮ್ಮದೇ ಮಾಸಪತ್ರಿಕೆಯನ್ನು ಆರಂಭಿಸಿ, ಎರಡು ದಶಕಗಳಿಗೂ ಹೆಚ್ಚು ಕಾಲ ನಡೆಸಿದರು. ೧೯೫೬ರ ನವೆಂಬರ್ ೧ರಂದು ಬೆಳಗಾವಿ ಜಿಲ್ಲೆಯ ಬಹುಭಾಗವು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದಾಗಲೂ ಪತ್ರಿಕೆ ನಡೆಯುತ್ತಿತ್ತು.

ಭಾಷೆ ಮತ್ತು ಸಾಹಿತ್ಯ

ಇವರ ಬರವಣಿಗೆಯಲ್ಲಿ ಕನ್ನಡದ ಎರಡು ರೂಪಗಳು ಜೊತೆಯಾಗಿ ಸಾಗುತ್ತವೆ. ಕನ್ನಡ ನುಡಿಯ ಇಂಪನ್ನು ಕೊಂಡಾಡುವ ಇವರ ಜನಪ್ರಿಯ ಗೀತೆಯು ಪ್ರೌಢವಾದ ಗ್ರಂಥಭಾಷೆಯಲ್ಲಿದೆ. ‘ನಲ್ವಾಡುಗಳು’ ಸಂಕಲನದ ಕವಿತೆಗಳಲ್ಲಿ ಹಳ್ಳಿಯ ಒಲವು, ಮುನಿಸು, ಸಂಸಾರದ ಸುಖದುಃಖಗಳು ಅಲ್ಲಿನ ಜನರ ಮಾತಿನಲ್ಲಿಯೇ ಮೂಡಿವೆ. ‘ಬೆಳ್ಳಿಚಿಕ್ಕಿ’ ನಾಟಕದ ಹೆಸರಿನಲ್ಲಿ ‘ಚುಕ್ಕಿ’ಯ ಬದಲು ಆ ಭಾಗದ ‘ಚಿಕ್ಕಿ’ ಎಂಬ ರೂಪವನ್ನೇ ಉಳಿಸಿಕೊಂಡಿದ್ದಾರೆ. ಅಶುದ್ಧವೆಂದು ಕಡೆಗಣಿಸಬಹುದಾಗಿದ್ದ ಇಂತಹ ಪದಗಳು ಹೀಗೆ ಅಚ್ಚಿನ ಮನ್ನಣೆ ಪಡೆದವು.

‘ಬಡತನದ ಬಾಳು’, ‘ಸಂಸಾರಚಿತ್ರ’ ಇವರ ಕಥಾಸಂಕಲನಗಳು. ‘ಸುದರ್ಶನ’, ‘ರಾಜಯೋಗಿ’, ‘ಅಶಾಂತಿಪರ್ವ’ ಮತ್ತು ‘ಮಲ್ಲಿಕಾರ್ಜುನ’ ಕಾದಂಬರಿಗಳು. ಜನಪದ ಗೀತೆಗಳ ಸಂಗ್ರಹದೊಂದಿಗೆ ಪುರಂದರದಾಸರ ಕೀರ್ತನೆಗಳ ಸಂಪಾದನೆಯಲ್ಲಿಯೂ ಶ್ರಮಿಸಿದರು. ದಾಸರ ಪದಗಳೂ ಜನಪದ ಹಾಡುಗಳೂ ಬಾಯಿಂದ ಬಾಯಿಗೆ ಸಾಗಿಬಂದವು. ಆದ್ದರಿಂದ ಈ ಎರಡೂ ಕಾರ್ಯಗಳು ಹಿರಿಯರ ನುಡಿಯನ್ನು ಮುಂದಿನ ತಲೆಮಾರಿಗೆ ದಾಟಿಸುವ ಒಂದೇ ಪ್ರಯತ್ನದ ಭಾಗಗಳಾಗಿವೆ.

ನಿಧನ

ಕೃಷ್ಣಶರ್ಮರು ೧೯೮೨ರ ಅಕ್ಟೋಬರ್ ೩೦ರಂದು ನಿಧನರಾದರು. ಕನ್ನಡ ನುಡಿಯನ್ನು ಕುರಿತ ಇವರ ಗೀತೆ ರಾಜ್ಯೋತ್ಸವದ ಸಮಾರಂಭಗಳಲ್ಲಿ ಇಂದಿಗೂ ಕೇಳಿಬರುತ್ತದೆ.