ಒಪ್ಪಿಸಿದ್ದು ಒಂದು ಕೆಲಸ, ಉಳಿದದ್ದು ಇನ್ನೊಂದು: ಕಿಟ್ಟೆಲ್ ಬದುಕು ಓದುತ್ತಾ...

ಮೊದಲು ನಿಮ್ಮ ಬದುಕಿನ ಉದ್ದೇಶ ಏನು ಅಂತ ಕಂಡುಕೊಳ್ಳಿ, ಆಮೇಲೆ ಅದರ ಬೆನ್ನು ಹತ್ತಿ. ಈ ಉಪದೇಶ ಕೇಳದೇ ಇರುವ ಇಪ್ಪತ್ತೈದರ ಹುಡುಗ ಹುಡುಗಿಯರು ಈಗ ಸಿಗುವುದು ಕಷ್ಟ. ಕಾಲೇಜು ವಾರ್ಷಿಕೋತ್ಸವದ ಭಾಷಣದಲ್ಲಿ ಅದೇ, ಕಂಪನಿಯ ತರಬೇತಿಯಲ್ಲಿ ಅದೇ, ರಾತ್ರಿ ಮಲಗುವ ಮುಂಚೆ ಬೆರಳಲ್ಲಿ ತಳ್ಳುವ ರೀಲ್ಸ್‌ನಲ್ಲೂ ಅದೇ. ಕೇಳೋಕೆ ಚೆನ್ನಾಗಿರುತ್ತೆ. ಆದರೆ ಅದು ಸಿಗದವರು ಏನು ಮಾಡಬೇಕು? ಸಿಗುವ ತನಕ ಸುಮ್ಮನೆ ಕೂತು ಕಾಯಬೇಕಾ?

ಎಂಜಿನಿಯರಿಂಗ್ ಓದಿ, ಕೆಲ ವರ್ಷ ಆ ದಾರಿಯಲ್ಲೇ ನಡೆದು, ಆಮೇಲೆ ಪತ್ರಿಕೋದ್ಯಮಕ್ಕೆ ಬಂದವನು ನಾನು. ಹಾಗಾಗಿ ಪರಿಚಯದ ಹುಡುಗರು ಫೋನ್ ಮಾಡಿ ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: ನಿಮಗೆ ಇದೇ ನಿಮ್ಮ ದಾರಿ ಅಂತ ಯಾವಾಗ ಗೊತ್ತಾಯ್ತು? ನನ್ನ ಹತ್ತಿರ ಅದಕ್ಕೊಂದು ದಿನಾಂಕ ಇಲ್ಲ. ಅವರಿಗೆ ಹೇಳೋಕೆ ನನ್ನ ಕಥೆಗಿಂತ ಒಳ್ಳೆಯ ಕಥೆ ಒಂದಿದೆ. ಅದು ಫರ್ಡಿನಾಂಡ್ ಕಿಟ್ಟೆಲ್ ಅವರದು.

ಹೆಸರು ನಮಗೆಲ್ಲ ಗೊತ್ತು. ಬೆಂಗಳೂರಿನ ಮೇಯೋ ಹಾಲ್ ಬಳಿ ಪ್ರತಿಮೆ ಇದೆ. ಆಸ್ಟಿನ್ ಟೌನಿಗೆ ಕಿಟ್ಟೆಲ್ ನಗರ ಅಂತ ಹೆಸರಿಟ್ಟಿದ್ದೇವೆ. ಧಾರವಾಡದಲ್ಲಿ ಕಿಟ್ಟೆಲ್ ಕಾಲೇಜಿದೆ. ಜರ್ಮನಿಯಿಂದ ಬಂದರು, ಕನ್ನಡಕ್ಕೆ ನಿಘಂಟು ಕೊಟ್ಟರು ಅನ್ನುವ ಒಂದು ಸಾಲು ಶಾಲೆಯಿಂದಲೇ ನೆನಪಿದೆ. ಆದರೆ ಆ ಒಂದು ಸಾಲಿನಲ್ಲಿ ಮುಖ್ಯವಾದ ವಿಷಯವೇ ಬಿಟ್ಟುಹೋಗಿದೆ. ಕಿಟ್ಟೆಲ್ ನಿಘಂಟು ಮಾಡೋಕೆ ಬಂದವರಲ್ಲ. ಬಂದ ಕೆಲಸವೇ ಬೇರೆ. ಆ ಕೆಲಸದಲ್ಲಿ ಅವರು, ಮಿಷನ್ನಿನ ಲೆಕ್ಕದಲ್ಲಿ ನೋಡಿದರೆ, ಗೆದ್ದವರೂ ಅಲ್ಲ.

1832ರ ಏಪ್ರಿಲ್‌ನಲ್ಲಿ, ಜರ್ಮನಿಯ ಉತ್ತರ ಕರಾವಳಿಯ ಪೂರ್ವ ಫ್ರೀಸ್‌ಲ್ಯಾಂಡ್ ಪ್ರದೇಶದ ರೆಸ್ಟರ್‌ಹಾಫೆ ಎಂಬ ಊರಲ್ಲಿ ಪಾದ್ರಿಯೊಬ್ಬರ ಮನೆಯಲ್ಲಿ ಹುಟ್ಟಿದರು. ಕಾಕತಾಳೀಯ ನೋಡಿ, ಅದೇ 1832ರಲ್ಲಿ ಮದ್ರಾಸಿನಲ್ಲಿ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು. ಅರವತ್ತು ವರ್ಷದ ನಂತರ ಆ ಪುಸ್ತಕವನ್ನು ಹಿಂದೆ ಹಾಕುವ ಮಗು ಆಗ ಸಾವಿರಾರು ಮೈಲಿ ಆಚೆ ತೊಟ್ಟಿಲಲ್ಲಿತ್ತು.

ಹುಡುಗನಿಗೆ ಭಾಷೆಗಳು ಸಲೀಸಾಗಿ ಬರುತ್ತಿದ್ದವು. ಶಾಲೆಯಲ್ಲೇ ಲ್ಯಾಟಿನ್, ಗ್ರೀಕ್, ಹೀಬ್ರೂ, ಜೊತೆಗೆ ಫ್ರೆಂಚ್, ಇಂಗ್ಲಿಷ್. ಇಂಥವನು ವಿಶ್ವವಿದ್ಯಾಲಯಕ್ಕೆ ಹೋಗಿ ಪಂಡಿತನಾಗಬೇಕಿತ್ತು ಅಂತ ಯಾರಿಗಾದರೂ ಅನ್ನಿಸುತ್ತೆ. ಆದರೆ ಮಿಷನರಿ ಆಗಬೇಕೆಂಬ ತಂದೆಯ ಒತ್ತಾಸೆ ದೊಡ್ಡದಿತ್ತು. 1850ರಲ್ಲಿ, ಹದಿನೆಂಟನೇ ವಯಸ್ಸಿಗೆ, ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮಿಷನ್ನಿನ ಶಾಲೆ ಸೇರಿದರು. ಅಪ್ಪ ಹೇಳಿದ ಕೋರ್ಸಿಗೆ ಸೇರಿದ ಮಕ್ಕಳು ನಮ್ಮ ಕಾಲದವರು ಮಾತ್ರ ಅಂದುಕೊಳ್ಳಬೇಡಿ!

1853ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಕರ್ನಾಟಕಕ್ಕೆ ಬಂದರು. ಬಾಸೆಲ್ ಮಿಷನ್ ಅಷ್ಟೊತ್ತಿಗೆ ಮಂಗಳೂರಿನಲ್ಲಿ ನೆಲೆ ನಿಂತು ಸುಮಾರು ಎರಡು ದಶಕ ಆಗಿತ್ತು. ಅಲ್ಲಿ 1841ರಿಂದ ಮುದ್ರಣಾಲಯ ಇತ್ತು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಶುರುಮಾಡಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ್ದರು. ನನ್ನಂಥವರ ಹೊಟ್ಟೆಪಾಡಿನ ಮೂಲ ಅಲ್ಲೇ ಇದೆ ಅನ್ನಬಹುದು.

ಕಿಟ್ಟೆಲ್‌ಗೆ ಒಪ್ಪಿಸಿದ್ದ ಕೆಲಸ ಸ್ಪಷ್ಟ: ಕ್ರೈಸ್ತ ಧರ್ಮ ಪ್ರಚಾರ. ಅದನ್ನು ಮುಚ್ಚಿಟ್ಟು ಅವರನ್ನು ಬರೀ ಭಾಷಾಪ್ರೇಮಿ ಅಂತ ತೋರಿಸುವುದು ಸರಿಯಲ್ಲ. ಅವರು ಕೊನೆತನಕ ನಂಬಿಕೆಯ ಕ್ರೈಸ್ತರೇ. 1862ರ ಕಥಾಮಾಲೆಯಲ್ಲಿ ಯೇಸುವಿನ ಕಥೆಯನ್ನು ನಮ್ಮ ದೇಸಿ ಛಂದಸ್ಸಿನಲ್ಲಿ ಹೇಳಿದರು. ಇಲ್ಲಿನ ಧಾರ್ಮಿಕ ಆಚರಣೆಗಳ ಮೇಲೂ ಬರೆದರು. ಅದನ್ನೆಲ್ಲ ಬರೆದದ್ದು ಮಿಷನರಿಯ ಕಣ್ಣಿನಿಂದಲೇ. ಈ ಬಗ್ಗೆ ತಕರಾರು ಇರುವವರು ತಕರಾರು ಇಟ್ಟುಕೊಳ್ಳಲಿ, ಅದಕ್ಕೆ ಕಾರಣಗಳಿವೆ.

ಆದರೆ ಬಂದವರಿಗೆ ಮೊದಲು ಬೇಕಾದದ್ದು ಭಾಷೆ. ಹುಬ್ಬಳ್ಳಿ-ಧಾರವಾಡದ ಕಡೆ ಕನ್ನಡ ಕಲಿಯಲು ಕೂತವರು ಅದರಲ್ಲೇ ಇಳಿದುಬಿಟ್ಟರು. ಧರ್ಮ ಹೇಳೋಕೆ ಎಷ್ಟು ಬೇಕೋ ಅಷ್ಟೇ ಕಲಿತು ನಿಲ್ಲಿಸುವ ಸ್ವಭಾವ ಅವರದಾಗಿರಲಿಲ್ಲ. ಜನರ ನಡುವೆ ಅವರ ಹಾಗೇ ಇದ್ದು ಕಲಿಯಬೇಕು, ಹಳೆಯ ಕಾವ್ಯ ಓದಬೇಕು, ವ್ಯಾಕರಣ ಓದಬೇಕು. ಈ ಹಠ ಮಿಷನ್ನಿನ ಶಿಸ್ತಿಗೆ ಹೊಂದಲಿಲ್ಲ. ಸಹೋದ್ಯೋಗಿಗಳ ಜೊತೆ, ಮೇಲಿನವರ ಜೊತೆ ತಿಕ್ಕಾಟ ಆಯಿತು. ಊರಿಂದೂರಿಗೆ ವರ್ಗಾವಣೆ ಆಯಿತು. ಧಾರವಾಡ, ಮಂಗಳೂರು, ಮಡಿಕೇರಿ ಅಂತ ಅವರ ಬದುಕು ಓಡಾಡಿತು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಟಾರ್ಗೆಟ್ ಮುಟ್ಟದ, ತಂಡದಲ್ಲಿ ಹೊಂದಿಕೊಳ್ಳದ ನೌಕರ.

ಮನೆಯಲ್ಲೂ ಸುಖ ನಿಲ್ಲಲಿಲ್ಲ. 1860ರಲ್ಲಿ ಪೌಲಿನಾ ಐತ್ ಅವರನ್ನು ಮದುವೆಯಾದರು. ಕೆಲವೇ ವರ್ಷಗಳಲ್ಲಿ ಆಕೆ ತೀರಿಕೊಂಡರು. ಮುಂದೆ ಆಕೆಯ ತಂಗಿಯನ್ನು ಮದುವೆಯಾದರು. ಮೂವತ್ತೈದರ ಹೊತ್ತಿಗೆ ಅವರ ಕೈಯಲ್ಲಿ ಏನಿತ್ತು ಲೆಕ್ಕ ಹಾಕಿ ನೋಡಿ. ಸೋತ ಪ್ರಚಾರಕ ಅನ್ನುವ ಹೆಸರು, ಸತ್ತ ಹೆಂಡತಿಯ ನೆನಪು, ಮತ್ತು ಯಾರೂ ಒಪ್ಪಿಸದಿದ್ದರೂ ಮೈಗಂಟಿಕೊಂಡ ಕನ್ನಡ.

ಈ ಮೂರನೆಯದರಿಂದಲೇ ಮುಂದಿನದೆಲ್ಲ ಹುಟ್ಟಿತು. ಹುಟ್ಟಿದ ಕ್ರಮ ನೋಡಿದರೆ ನನ್ನೊಳಗಿನ ಎಂಜಿನಿಯರ್‌ಗೆ ಖುಷಿಯಾಗುತ್ತೆ.

ಒಂದು ಭಾಷೆಗೆ ನಿಘಂಟು ಮಾಡಬೇಕು ಅಂದರೆ ಪದಗಳನ್ನು ಸಾಲಾಗಿ ಬರೆದರೆ ಮುಗಿಯಲಿಲ್ಲ. ಪದದ ಮೂಲ ಯಾವುದು, ಸಂಸ್ಕೃತದಿಂದ ಬಂದದ್ದಾ, ನಮ್ಮದೇನಾ ಅಂತ ಹೇಳಬೇಕು. ಹಳೆಯ ಕವಿಗಳು ಅದನ್ನು ಹೇಗೆ ಬಳಸಿದ್ದಾರೆ ಅಂತ ತೋರಿಸಬೇಕು. ಆದರೆ ಆ ಕವಿಗಳ ಕೃತಿಗಳಲ್ಲಿ ಬಹುಪಾಲು ಆಗಿನ್ನೂ ಓಲೆಗರಿಯಲ್ಲೇ ಇದ್ದವು. ಒಂದೇ ಪದ್ಯ ಒಂದೊಂದು ಪ್ರತಿಯಲ್ಲಿ ಒಂದೊಂದು ಥರ. ಅಂದರೆ ಮನೆ ಕಟ್ಟೋಕೆ ಮುಂಚೆ ಇಟ್ಟಿಗೆ ಸುಡಬೇಕು, ಇಟ್ಟಿಗೆ ಸುಡೋಕೆ ಮುಂಚೆ ಗೂಡು ಕಟ್ಟಬೇಕು.

ಕಿಟ್ಟೆಲ್ ಮೊದಲು ಗೂಡು ಕಟ್ಟಿದರು. 1872ರಲ್ಲಿ ಹದಿಮೂರನೇ ಶತಮಾನದ ಕೇಶಿರಾಜನ ವ್ಯಾಕರಣ ಶಬ್ದಮಣಿದರ್ಪಣವನ್ನು ಸಂಪಾದಿಸಿ ಹೊರತಂದರು. 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ ಬಂತು. ಸಂಸ್ಕೃತದ ನಿಘಂಟುಗಳ ಒಳಗೆ ಸೇರಿಕೊಂಡಿರುವ ದ್ರಾವಿಡ ಪದಗಳ ಬಗ್ಗೆ 1872ರಲ್ಲೇ ಲೇಖನ ಬರೆದರು. ಎಲ್ಲ ಪದವೂ ಸಂಸ್ಕೃತದಿಂದ ಇಲ್ಲಿಗೆ ಬಂತು ಅಂತ ನಂಬಿದ್ದ ಕಾಲದಲ್ಲಿ, ಇಲ್ಲಿಂದ ಅಲ್ಲಿಗೂ ಹೋಗಿದೆ ಅಂತ ಉದಾಹರಣೆ ಸಮೇತ ಹೇಳುವುದು ಸಣ್ಣ ಮಾತಲ್ಲ. ಆಗ ಅವರಿಗೆ ನಲವತ್ತು.

ಆಮೇಲೆ ನಿಘಂಟು. ಸುಮಾರು ಎರಡು ದಶಕದ ದುಡಿಮೆ. ನಡುವೆ ಆರೋಗ್ಯ ಕೆಟ್ಟು ಜರ್ಮನಿಗೆ ಹೋದರು, ಮತ್ತೆ ಈ ಕೆಲಸಕ್ಕೆಂದೇ ಇಲ್ಲಿಗೆ ಮರಳಿದರು. ಪಂಡಿತರನ್ನು ಕೇಳಿದರು, ಗಾದೆಗಳನ್ನು ಕೂಡಿಹಾಕಿದರು. ಮೈಸೂರು ಸೀಮೆಯ ಮಾತು ಯಾವುದು, ಉತ್ತರದ ಕಡೆಯ ಮಾತು ಯಾವುದು ಅಂತ ಗುರುತು ಹಾಕಿದರು. ತಮಿಳು, ತೆಲುಗು, ಮಲಯಾಳಂ, ತುಳು ಪದಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದರು.

ಒಂದು ಉದಾಹರಣೆ ಕೊಡ್ತೀನಿ. ನಾವು ಇವತ್ತು ಕೋಳಿ, ಬಾಳೆ, ಏಳು ಅಂತ ಬರೆಯುತ್ತೇವೆ. ಹಳಗನ್ನಡದಲ್ಲಿ ಇವು ಕೋೞಿ, ಬಾೞೆ, ಏೞು. ಆ ೞ ಅಕ್ಷರ ಕಿಟ್ಟೆಲ್ ಕಾಲಕ್ಕೆ ಬಾಯಿಯಿಂದಲೂ ಬರವಣಿಗೆಯಿಂದಲೂ ಬಿಟ್ಟುಹೋಗಿ ಶತಮಾನಗಳೇ ಆಗಿದ್ದವು. ತಮಿಳಿನಲ್ಲಿ, ಮಲಯಾಳಂನಲ್ಲಿ ಅದು ಇನ್ನೂ ಬದುಕಿದೆ. ಕಿಟ್ಟೆಲ್ ತಮ್ಮ ನಿಘಂಟಿನಲ್ಲಿ ಆ ಅಕ್ಷರಕ್ಕೆ ಮತ್ತೆ ಜಾಗ ಕೊಟ್ಟರು. ಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಆ ಅಕ್ಷರ ಇಲ್ಲದೆ ಪದದ ನೆಂಟಸ್ತಿಕೆ ಗೊತ್ತಾಗುವುದಿಲ್ಲ. ಕನ್ನಡದ ಕೋಳಿಗೂ ಪಕ್ಕದ ಭಾಷೆಗಳ ಕೋಳಿಗೂ ಇರುವ ರಕ್ತಸಂಬಂಧ ಸಲೀಸಾಗಿ ಕಾಣುವುದಿಲ್ಲ.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ನಿಘಂಟು ಹೊರಬಂತು. 1700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಕರ್ನಾಟಕಕ್ಕೆ ಬಂದು 41 ವರ್ಷ ಆಗಿತ್ತು. ವಯಸ್ಸು 62.

ಇಲ್ಲಿ ಒಂದು ಸರಳ ಲೆಕ್ಕ ಹಾಕೋಣ. 70,000 ಪದಗಳನ್ನು 20 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 3,500. ದಿನಕ್ಕೆ ಹತ್ತಕ್ಕಿಂತ ಒಂಚೂರು ಕಡಿಮೆ. ದಿನಕ್ಕೆ ಹತ್ತು ಪದ! ನೋಡೋಕೆ ಏನೂ ಅಲ್ಲ ಅನ್ನಿಸುತ್ತೆ. ಯಾರ ಪದವಿಪ್ರದಾನ ಭಾಷಣದಲ್ಲೂ ಇದನ್ನು ಸಾಧನೆ ಅಂತ ಹೇಳಲ್ಲ. ಆದರೆ ಭಾನುವಾರವಿಲ್ಲ, ಜ್ವರದ ರಜೆಯಿಲ್ಲ, ಹಡಗಿನ ಪ್ರಯಾಣವಿಲ್ಲ ಅಂತ ಲೆಕ್ಕ ಹಿಡಿದಾಗ ಬರುವ ಸಂಖ್ಯೆ ಇದು. ಸಾಧಾರಣ ಬದುಕನ್ನು ದಾಟುವುದು ಅಂದರೆ ದೊಡ್ಡ ಜಿಗಿತ ಅಂತ ನಾವು ಅಂದುಕೊಂಡಿದ್ದೇವೆ. ಕಿಟ್ಟೆಲ್ ದಾಟಿದ್ದು ದಿನಕ್ಕೆ ಹತ್ತು ಹೆಜ್ಜೆಯ ಹಾಗೆ. ಪ್ರತಿ ಹೆಜ್ಜೆಯೂ ಸಾಧಾರಣದ್ದೇ.

ಹಾಗಾದರೆ ಅವರಿಗೆ ತಮ್ಮ ಉದ್ದೇಶ ಯಾವಾಗ ಗೊತ್ತಾಯ್ತು? ಹದಿನೆಂಟಕ್ಕೆ ಗೊತ್ತಿದ್ದ ಉದ್ದೇಶ ಅಪ್ಪನದು. ಇಪ್ಪತ್ತೊಂದಕ್ಕೆ ಇದ್ದದ್ದು ಮಿಷನ್ನಿನದು. ಕನ್ನಡ ಸಿಕ್ಕಿದ್ದು ಉಪಕರಣವಾಗಿ. ಆ ಉಪಕರಣವನ್ನು ಚೆನ್ನಾಗಿ ಕಲಿಯೋಣ ಅಂತ ಕೂತಾಗ, ಅದೇ ಅವರನ್ನು ಹಿಡಿದುಕೊಂಡಿತು. ಕೆಲಸ ಮೊದಲು ಬಂತು. ಅದರೊಳಗೆ ಹೋದ ಮೇಲೆ ಉದ್ದೇಶ ಮೆಲ್ಲಗೆ ಕಾಣಿಸಿತು.

ಇದು ಅವರೊಬ್ಬರ ಕಥೆಯೂ ಅಲ್ಲ. ಅದೇ ಮಿಷನ್ನಿನ ಮುದ್ರಣಾಲಯದ ಕೆಲಸಕ್ಕೆ ಬಂದ ಪ್ಲೆಬ್ಸ್ಟ್, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಮಂಗಳೂರು ಹೆಂಚು ಅಂತ ನಾವು ಕರೆಯುವುದರ ಮೂಲ ಅದೇ. ಅದೇ ಮಿಷನ್ನಿನ ಹರ್ಮನ್ ಗುಂಡರ್ಟ್ ಮಲಯಾಳಂಗೆ 1872ರಲ್ಲಿ ನಿಘಂಟು ಕೊಟ್ಟರು. ಬಂದ ಕಾರಣ ಒಂದು, ಬಿಟ್ಟುಹೋದದ್ದು ಇನ್ನೊಂದು.

ಆದರೆ ಈ ಕಥೆಯಲ್ಲಿ ನನ್ನನ್ನು ಕಾಡುವ ಒಂದು ಅಂಶ ಇದೆ, ಅದನ್ನು ಹೇಳದೆ ಮುಗಿಸೋಕೆ ಆಗಲ್ಲ. ದೂರದೇಶದಿಂದ ಬಂದ ಒಬ್ಬರು ಓಲೆಗರಿ ಬಿಚ್ಚಿ ಹಳಗನ್ನಡ ಓದಿದರು ಅಂದರೆ, ಓದಿಸಿದವರು ಯಾರೋ ಇರಬೇಕಲ್ವಾ? ಇಂಥ ಕೆಲಸದಲ್ಲಿ ಪಕ್ಕದಲ್ಲಿ ಕೂತು ಅರ್ಥ ಹೇಳಿದ ಪಂಡಿತರು ಇದ್ದರು. ಗಾದೆ ಒಪ್ಪಿಸಿದ, ಆಡುಮಾತು ಹೇಳಿಕೊಟ್ಟ ಜನ ಇದ್ದರು, ಮೊಳೆ ಜೋಡಿಸಿದ ಕೆಲಸಗಾರರಿದ್ದರು. ಪ್ರತಿಮೆ ಒಬ್ಬರದು. ಬೇರೆಯವರ ಹೆಸರು ನಮ್ಮ ನಾಲಿಗೆ ಮೇಲಿಲ್ಲ. ಅಸಾಧಾರಣ ಬದುಕು ಅಂತ ನಾವು ಕೊಂಡಾಡುವುದರ ಕೆಳಗೆ ಹೀಗೆ ಹೆಸರಿಲ್ಲದ ಹತ್ತಾರು ಸಾಧಾರಣ ಬದುಕುಗಳಿರುತ್ತವೆ. ಒಬ್ಬರೇ ಬೆಟ್ಟ ಹತ್ತಿದರು ಅನ್ನುವ ಕಥೆ ಕೇಳಿದಾಗೆಲ್ಲ ಬುತ್ತಿ ಕಟ್ಟಿಕೊಟ್ಟವರು ಯಾರು ಅಂತ ಕೇಳುವ ರೂಢಿ ನಮಗೆ ಒಳ್ಳೆಯದು.

ಮನ್ನಣೆ ಬಂದಾಗ ಕಿಟ್ಟೆಲ್ ಆಗಲೇ ಜರ್ಮನಿಗೆ ಮರಳಿ ಟ್ಯೂಬಿಂಗೆನ್‌ನಲ್ಲಿ ನೆಲೆಸಿದ್ದರು. 1896ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಓದಲು ಹೋಗದೇ ಇದ್ದ ವಿಶ್ವವಿದ್ಯಾಲಯದ ಬಾಗಿಲು 64ನೇ ವಯಸ್ಸಿಗೆ ಹಾಗೆ ತೆರೆಯಿತು. ಅಲ್ಲಿಗೆ ವಿಶ್ರಾಂತಿ ತೆಗೆದುಕೊಂಡರಾ? ಇಲ್ಲ. ಕನ್ನಡ ವ್ಯಾಕರಣ ಬರೆಯಲು ಕೂತರು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಹಿಡಿದ ಆ ಪುಸ್ತಕ 1903ರಲ್ಲಿ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕನ್ನಡ ಮಾತಾಡುವವರು ಸುತ್ತ ಯಾರೂ ಇಲ್ಲದ ಊರಲ್ಲಿ, ಎಪ್ಪತ್ತೊಂದರ ವಯಸ್ಸಲ್ಲಿ, ಕನ್ನಡದ ಕೆಲಸ ಮುಗಿಸಿ.

ಆಮೇಲೆ ಕನ್ನಡಿಗರೇ ತಮ್ಮ ನಿಘಂಟು ಕಟ್ಟಿಕೊಂಡರು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಮೊದಲನೆಯದು 1970ರಲ್ಲಿ, ಕೊನೆಯದು 1995ರಲ್ಲಿ ಬಂತು. ಕಿಟ್ಟೆಲ್ ನಿಘಂಟನ್ನೂ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಹಿಗ್ಗಿಸಿದರು. ಮದ್ರಾಸ್ ವಿಶ್ವವಿದ್ಯಾಲಯ ಅದನ್ನು ಪ್ರಕಟಿಸಿತು. ಮೂಲದಲ್ಲಿ ತಪ್ಪುಗಳಿದ್ದವು, ತಿದ್ದುಪಡಿಗಳಾದವು. ಒಳ್ಳೆಯ ಕೆಲಸದ ಹಣೆಬರಹವೇ ಅದು. ಮುಂದಿನವರು ತಿದ್ದಬೇಕು ಅನ್ನಿಸುವಷ್ಟು ಗಟ್ಟಿಯಾಗಿ ಅದು ನಿಂತಿರಬೇಕು. ಈಗಲೂ ಯಾವುದೋ ಪದದ ಬೇರು ಹುಡುಕುವಾಗ ಲ್ಯಾಪ್‌ಟಾಪಿನಲ್ಲಿ ಅದರ ಸ್ಕ್ಯಾನ್ ಪ್ರತಿ ತೆಗೆಯುತ್ತೇನೆ. ಹತ್ತರಲ್ಲಿ ಏಳು ಸಲ ಬೇಕಾದ್ದು ಸಿಗುತ್ತೆ.

ಫೋನ್ ಮಾಡುವ ಹುಡುಗರಿಗೆ ಈಗ ನಾನು ಹೇಳೋದು ಇಷ್ಟೇ. ನಿಮ್ಮ ಉದ್ದೇಶ ಏನು ಅಂತ ತಲೆ ಕೆಡಿಸಿಕೊಂಡು ವರ್ಷಗಟ್ಟಲೆ ಕೂರಬೇಡಿ. ಈಗ ಕೈಯಲ್ಲಿರುವ ಕೆಲಸದೊಳಗೆ, ಯಾರೂ ಹೇಳದಿದ್ದರೂ ನೀವು ಹೆಚ್ಚು ಹೊತ್ತು ಕೂರುವ ಮೂಲೆ ಯಾವುದು ನೋಡಿ. ಸಂಬಳಕ್ಕೂ ಬಡ್ತಿಗೂ ಸಂಬಂಧ ಇಲ್ಲದಿದ್ದರೂ ಸರಿಯಾಗೇ ಆಗಬೇಕು ಅಂತ ನಿಮಗೆ ಅನ್ನಿಸುವ ಜಾಗ ಯಾವುದು ನೋಡಿ. ಮನೆ ಸಾಲ, ಅಪ್ಪ ಅಮ್ಮನ ಔಷಧಿ ಖರ್ಚು ಇರುವವರು ನಾಳೆಯೇ ರಾಜೀನಾಮೆ ಕೊಡಬೇಕಾಗಿಲ್ಲ. ಕಿಟ್ಟೆಲ್ ಕೂಡ ಮಿಷನ್ ಬಿಟ್ಟು ಹೋಗಿ ನಿಘಂಟು ಬರೆದವರಲ್ಲ. ಆ ಮೂಲೆಗೆ ದಿನಕ್ಕೆ ಹತ್ತು ಪದದಷ್ಟು ಕೊಡಿ. ಅದು ಉದ್ದೇಶವೋ ಅಲ್ಲವೋ ಅನ್ನೋದು ಕೆಲ ವರ್ಷ ಕೊಟ್ಟ ಮೇಲೆ ನಿಮಗೇ ತಿಳಿಯುತ್ತೆ.