ಜಾನ್ ಡಾಲ್ಟನನ ಕಣ್ಣುಗಳು

ಪರಮಾಣುವಾದವನ್ನು ರಸಾಯನಶಾಸ್ತ್ರಕ್ಕೆ ತಂದುಕೊಟ್ಟ ಜಾನ್ ಡಾಲ್ಟನನ ಹೆಸರನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ವಿಜ್ಞಾನದ ಪಾಠದಲ್ಲಿ ಓದಿಯೇ ಇರುವರು. ಆತನಿಗೆ ಕೆಂಪು ಹಸುರುಗಳ ಭೇದವು ತಿಳಿಯುತ್ತಿರಲಿಲ್ಲವೆಂಬುದನ್ನು ಅರಿತವರು ಕಡಿಮೆ. ಈಗ ತಾಯಂದಿರಾಗಿರುವ ನಮ್ಮ ಸಹೋದರಿಯರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತೇವೆ.

ಈತನು 1766ರಲ್ಲಿ ಇಂಗ್ಲೆಂಡಿನ ಕಂಬರ್ಲೆಂಡ್ ಸೀಮೆಯ ಈಗಲ್ಸ್‌ಫೀಲ್ಡ್ ಗ್ರಾಮದಲ್ಲಿ ನೇಕಾರನ ಮಗನಾಗಿ ಜನಿಸಿದನು. ಮನೆಯವರು ಕ್ವೇಕರ್ ಸಭೆಗೆ ಸೇರಿದ ದೈವಭಕ್ತರು. 12ನೆಯ ವಯಸ್ಸಿನಲ್ಲಿಯೇ ಹಳ್ಳಿಯ ಮಕ್ಕಳಿಗೆ ಉಪಾಧ್ಯಾಯನಾದನು. ತನಗಿಂತ ಹಿರಿಯ ಶಿಷ್ಯರೂ ಇದ್ದರಂತೆ!

ಬಹುಕಾಲ ಈತನು ದೋಷವು ತನ್ನ ಕಣ್ಣಿನದಲ್ಲ, ಜನರು ಬಣ್ಣಗಳಿಗಿಟ್ಟ ಹೆಸರುಗಳದೆಂದು ಭಾವಿಸಿದ್ದನು. 1792ರಲ್ಲಿ ಜಿರೇನಿಯಂ ಹೂವೊಂದು ಹಗಲಲ್ಲಿ ಆಕಾಶನೀಲಿಯಾಗಿಯೂ ಮೇಣದಬತ್ತಿಯ ಬೆಳಕಿನಲ್ಲಿ ಕೆಂಪಾಗಿಯೂ ಕಂಡಿತು. ಗೆಳೆಯರನ್ನು ವಿಚಾರಿಸಲು, ಅವರಿಗೆ ಅದು ಎರಡು ಬೆಳಕುಗಳಲ್ಲಿಯೂ ಹೆಚ್ಚುಕಡಮೆ ಒಂದೇ ಬಣ್ಣ. ತನ್ನಂತೆ ಕಂಡದ್ದು ಸ್ವಂತ ಅಣ್ಣನೊಬ್ಬನಿಗೆ ಮಾತ್ರ. 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ಸಭೆಯಲ್ಲಿ ಈ ವಿಷಯವಾಗಿ ಪ್ರಬಂಧವನ್ನೋದಿದನು. ತನ್ನ 25 ಮಂದಿ ಶಿಷ್ಯರಲ್ಲಿ ಇಬ್ಬರು ತನ್ನಂತೆಯೇ ಇರುವುದನ್ನು ಕಂಡಿದ್ದನು. ಸ್ತ್ರೀಯರಲ್ಲಿ ಒಬ್ಬರೂ ಕೇಳಿಬರಲಿಲ್ಲ. ಇದರ ಕಾರಣವು ಈಗ ತಿಳಿದಿದೆ. ಚೆನ್ನಾಗಿ ಬಣ್ಣ ಕಾಣುವ ತಾಯಿಯ ಮೂಲಕವೇ ಇದು ಗಂಡುಮಕ್ಕಳಿಗೆ ಬರುತ್ತದೆ, ಹೆಣ್ಣುಮಕ್ಕಳಲ್ಲಿ ಅಪರೂಪ. ಎಲೆಗೆ ಕಂದುಬಣ್ಣ ಬಳಿದನೆಂದು ಪೆಟ್ಟು ತಿಂದ ಹುಡುಗರೆಷ್ಟೋ! ಉಪಾಧ್ಯಾಯರಾದ ನಮ್ಮಿಂದಲೂ ಈ ತಪ್ಪು ನಡೆಯದಿಲ್ಲ.

ಆ ಕಾಲದ ಕ್ವೇಕರರು ಕಡುಗೆಂಪು ವಸ್ತ್ರವನ್ನು ಧರಿಸುತ್ತಿರಲಿಲ್ಲ. ಆದರೂ 1834ರಲ್ಲಿ ಡಾಲ್ಟನನು ಆಕ್ಸ್‌ಫರ್ಡಿನ ಪದವಿಯ ಕೆಂಪು ನಿಲುವಂಗಿಯನ್ನು ತೊಟ್ಟು ನಿಸ್ಸಂಕೋಚವಾಗಿ ಅರಸನ ಸನ್ನಿಧಿಗೆ ಹೋದನು. ಅವನ ಕಣ್ಣಿಗೆ ಅದು ಎಲೆಯ ಬಣ್ಣ.

ತನ್ನ ಕಣ್ಣುಗುಡ್ಡೆಯೊಳಗಿನ ರಸವು ನೀಲಿಯಾಗಿದ್ದು, ಬಣ್ಣದ ಗಾಜಿನಂತೆ ಕೆಂಪನ್ನು ತಡೆಯುವುದೆಂದು ಅವನ ಊಹೆ. ಸತ್ತ ಮೇಲೆ ಪರೀಕ್ಷಿಸಿರೆಂದು ಕೇಳಿಕೊಂಡಿದ್ದನು. 1844ರಲ್ಲಿ ಮರಣಹೊಂದಲು, ವೈದ್ಯನಾದ ಜೋಸೆಫ್ ರ್‍ಯಾನ್ಸಮನು ಕಣ್ಣನ್ನು ಬಿಚ್ಚಿ ನೋಡಿದನು. ರಸವು ನೀರಿನಂತೆ ತಿಳಿಯಾಗಿತ್ತು! ಕಾಪಾಡಿಟ್ಟ ಆ ಕಣ್ಣಿನ ತುಣುಕನ್ನು 1995ರಲ್ಲಿ ಪುನಃ ಪರೀಕ್ಷಿಸಿದಾಗ, ಹಸುರನ್ನು ಗ್ರಹಿಸುವ ವರ್ಣದ್ರವ್ಯವೇ ಅಕ್ಷಿಪಟದಲ್ಲಿರಲಿಲ್ಲವೆಂದು ಗೊತ್ತಾಯಿತು.

ಊಹೆ ಸುಳ್ಳಾದರೂ ಬಣ್ಣದ ಗಾಜಿನ ವಿಚಾರವು ಅಲ್ಲಿಗೇ ನಿಲ್ಲಲಿಲ್ಲ. 1855ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲನು ಒಂದು ಕಣ್ಣಿಗೆ ಕೆಂಪು, ಇನ್ನೊಂದಕ್ಕೆ ಹಸುರು ಗಾಜುಳ್ಳ ಕನ್ನಡಕವನ್ನು ಸೂಚಿಸಿದನು. ಕೆಂಪು ಗಾಜಿನಲ್ಲಿ ಹೂವು ಹೊಳೆದು ಎಲೆಯು ಕಪ್ಪಿಡುವುದು. ಹಸುರು ಗಾಜಿನಲ್ಲಿ ಇದಕ್ಕೆ ವಿಪರೀತ. ಹೀಗೆ ಹೊಳಪಿನ ತಾರತಮ್ಯದಿಂದ ಬಣ್ಣವನ್ನು ಊಹಿಸಬಹುದು. ಈಗ ಮಾರಾಟಕ್ಕಿರುವ ಬಣ್ಣದ ಕನ್ನಡಕಗಳೂ ಕೆಲವರಿಗೆ ಕೆಲವು ಬಣ್ಣಗಳನ್ನು ವಿಂಗಡಿಸಲು ನೆರವಾಗುತ್ತವೆ. ಇಲ್ಲದ ವರ್ಣದ್ರವ್ಯವನ್ನು ಅವು ಹುಟ್ಟಿಸಲಾರವು, ಮಬ್ಬುಬೆಳಕಿನಲ್ಲಿ ಕತ್ತಲೆಯನ್ನೇ ಹೆಚ್ಚಿಸುವವು. ಆದುದರಿಂದ ಮಗನಿಗೆ ಕೊಳ್ಳುವ ಮುಂಚೆ ಕಣ್ಣಿನ ವೈದ್ಯರಿಗೆ ತೋರಿಸಿ, ಹಗಲಲ್ಲಿಯೂ ಸಂಜೆಯಲ್ಲಿಯೂ ಹಾಕಿಸಿ ನೋಡುವುದು ಲೇಸು.